ಮುಚ್ಚಿದ ಸೀಸೆಯಲ್ಲಿ ವೈನ್ ಮಾಗುವ ಬಗೆ

ಕಾಲ ಕಳೆದಂತೆ ಪದಾರ್ಥಗಳು ಕೆಡುವುದು ಲೋಕದ ನಿಯಮ. ಹಾಲು ಒಂದು ದಿನಕ್ಕೆ ಹುಳಿಯಾಗುತ್ತದೆ; ಎಣ್ಣೆ ಕೆಲವು ತಿಂಗಳಿಗೆ ಕಮಟು ಹಿಡಿಯುತ್ತದೆ; ಕಬ್ಬಿಣಕ್ಕೂ ತುಕ್ಕು ತಪ್ಪಿದ್ದಲ್ಲ. ಆದರೂ ಕೆಲವು ಪದಾರ್ಥಗಳು ಹಳೆಯವಾದಷ್ಟೂ ಮೇಲೆಂದು ನಾವು ಎಣಿಸುತ್ತೇವೆ. ಹಳೆಯ ಅಕ್ಕಿಯ ಅನ್ನ ಉದುರುದುರಾಗಿ ಆಗುವುದೆಂಬುದು ಮನೆಮನೆಯ ಅನುಭವ. ಉಪ್ಪಿನಕಾಯಿಯಂತೂ ಜಾಡಿಯಲ್ಲಿ ಕೆಲವು ವಾರ ಕುಳಿತ ಮೇಲೆಯೇ ರುಚಿಗೆ ಬರುತ್ತದೆ. ಯೂರೋಪಿನ ಜನರಲ್ಲಿ ಇಂತಹ ನಂಬಿಕೆಗೆ ಮುಖ್ಯವಾಗಿ ಪಾತ್ರವಾಗಿರುವುದು ದ್ರಾಕ್ಷಿಯಿಂದ ಮಾಡಿದ ವೈನ್.

ಈ ನಂಬಿಕೆಯಲ್ಲಿ ಸತ್ಯವೆಷ್ಟು? ಪ್ರಪಂಚದಲ್ಲಿ ತಯಾರಾಗುವ ವೈನಿನ ಬಹುಭಾಗವು ಒಂದೆರಡು ವರ್ಷಗಳೊಳಗೆ ಮುಗಿಸಬೇಕಾದದ್ದೇ ಹೊರತು ಕೂಡಿಡತಕ್ಕದ್ದಲ್ಲ. ಅದು ಹಳೆಯದಾಗುತ್ತದೆ, ಮಾಗುವುದಿಲ್ಲ. ಹಳೆಯದಾಗುವುದಕ್ಕೂ ಮಾಗುವುದಕ್ಕೂ ಇರುವ ಅಂತರವೇನೆಂಬುದನ್ನು ರಸಾಯನಶಾಸ್ತ್ರದ ಕಣ್ಣಿನಿಂದ ನೋಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ಉದಾಹರಣೆಯಾಗಿ ಫ್ರಾನ್ಸಿನ ಬರ್ಗಂಡಿ ಪ್ರಾಂತದ ಕೆಂಪು ವೈನನ್ನು, ಅದರಲ್ಲಿಯೂ ಸಾಧಾರಣ ಬೆಲೆಯದನ್ನು, ಆರಿಸಿಕೊಂಡಿದ್ದೇವೆ. ಬಹು ಬೆಲೆಯ ವೈನ್ ಮಾಗುವುದೆಂದು ಎಲ್ಲರೂ ಒಪ್ಪುತ್ತಾರೆ. ತೀರ ಅಗ್ಗದ್ದು ಮಾಗದೆಂಬುದನ್ನೂ ಒಪ್ಪುತ್ತಾರೆ. ನಡುವೆ ನಿಂತಿರುವ ಸೀಸೆಯ ವಿಷಯದಲ್ಲಿಯೇ ಸಂದೇಹ. ಅದನ್ನು ಕೊಂಡ ಸಾಮಾನ್ಯನು ಇಂದೇ ತೆರೆಯಬೇಕೇ, ಐದು ವರ್ಷ ಕಾಯಬೇಕೇ? ತಪ್ಪಿದರೆ ಹಣವೂ ಹೋಯಿತು, ಕಾದ ಕಾಲವೂ ಹೋಯಿತು.

ಮೊದಲಿಗೇ ಒಂದು ಮಾತನ್ನು ಹೇಳಿಬಿಡಬೇಕು. ಇದು ಪಾನದ ಪ್ರಶಂಸೆಯಲ್ಲ. ಮದ್ಯಸಾರವುಳ್ಳ ಪಾನೀಯಗಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1988ರಲ್ಲಿಯೇ ತೀರ್ಮಾನಿಸಿದೆ. ವೈನಿನ ಪರೀಕ್ಷೆಯನ್ನೇ ವೃತ್ತಿಯಾಗಿ ಉಳ್ಳವರು ಸಹ ಬಾಯಿಗೆ ತೆಗೆದುಕೊಂಡುದನ್ನು ನುಂಗದೆ ಉಗುಳಿಬಿಡುತ್ತಾರೆ. ನಮ್ಮ ಕುತೂಹಲವಿರುವುದು ಸೀಸೆಯೊಳಗಿನ ರಸಾಯನಕ್ರಿಯೆಯಲ್ಲಿ.

ಇಳಿಜಾರಿನ ಭೂಮಿ

ಬರ್ಗಂಡಿ ಪ್ರಾಂತವು ಫ್ರಾನ್ಸಿನ ಪೂರ್ವಭಾಗದಲ್ಲಿದೆ. ದೀಜೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೆ, ಬೆಳಗಿನ ಬಿಸಿಲಿಗೆ ಮುಖಮಾಡಿಕೊಂಡು, ಒಂದು ಕಿರಿದಾದ ಇಳಿಜಾರು ಹಬ್ಬಿಕೊಂಡಿದೆ. ಅದರ ಹೆಸರು ಕೋಟ್ ದೋರ್. ಹದಿನೈದು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಚಿಪ್ಪುಗಳೂ ಕೆಸರೂ ಸಂಚಯಿಸಿ ಗಟ್ಟಿಯಾದ ಸುಣ್ಣಕಲ್ಲು ಮತ್ತು ಜೇಡಿಮಣ್ಣು ಬೆರೆತ ಸುಣ್ಣದ ಪದರಗಳೇ ಈ ನೆಲದ ಅಡಿಪಾಯ.

ಇಲ್ಲಿ ದ್ರಾಕ್ಷಿಯ ಕೃಷಿ ಬಹು ಪ್ರಾಚೀನವಾದದ್ದು. 1098ರಲ್ಲಿ ಸೀತೋ ಎಂಬಲ್ಲಿ ಸ್ಥಾಪಿತವಾದ ಮಠದ ಸಂನ್ಯಾಸಿಗಳು ವೂಜೋ ಗ್ರಾಮದಲ್ಲಿ ತೋಟವನ್ನು ಬೆಳೆಸಿ ಸುತ್ತಲೂ ಗೋಡೆ ಕಟ್ಟಿದರು. ಆ ತೋಟ ಇಂದಿಗೂ ಇದೆ. 1395ರಲ್ಲಿ ಬರ್ಗಂಡಿಯ ಅರಸನಾಗಿದ್ದ ಡ್ಯೂಕ್ ಫಿಲಿಪನು, ಹೆಚ್ಚು ಫಸಲು ಕೊಡುವ ಗಮೇ ಎಂಬ ದ್ರಾಕ್ಷಿಯನ್ನು ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದನು. ಅಂದು ಅವನು ಎತ್ತಿಹಿಡಿದ ಪೀನೋ ಎಂಬ ಕಪ್ಪು ದ್ರಾಕ್ಷಿಯೇ ಇಂದಿಗೂ ಅಲ್ಲಿನ ಕೆಂಪು ವೈನಿಗೆ ಮೂಲ. ಅದರ ಪೂರ್ಣನಾಮ ಪೀನೋ ನ್ವಾರ್. ನ್ವಾರ್ ಎಂದರೆ ಕಪ್ಪು.

ಇಳಿಜಾರಿನ ಒಂದೊಂದು ತುಂಡು ನೆಲಕ್ಕೂ ಬೇರೆ ಬೇರೆ ಹೆಸರುಂಟು. ಹೀಗೆ ಗುರುತಿಸಲ್ಪಟ್ಟ 1247 ತುಂಡುಗಳು 2015ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇಳಿಜಾರಿನ ನಡುಭಾಗದಲ್ಲಿ ಮಣ್ಣು ತೆಳುವಾಗಿದ್ದು ನೀರು ಚೆನ್ನಾಗಿ ಬಸಿದುಹೋಗುತ್ತದೆ. ಅತ್ಯುಚ್ಚ ದರ್ಜೆಯ ತೋಟಗಳು ಹೆಚ್ಚಾಗಿ ಅಲ್ಲಿವೆ. ತಪ್ಪಲಿನ ಬಯಲಿನಲ್ಲಿ ಮಣ್ಣು ಆಳವಾಗಿ ತೇವ ಹೆಚ್ಚು; ಅಲ್ಲಿ ಬೆಳೆದ ಹಣ್ಣಿನ ವೈನಿಗೆ ಗ್ರಾಮದ ಹೆಸರಾಗಲಿ ತೋಟದ ಹೆಸರಾಗಲಿ ಇರದೆ ಕೇವಲ ಪ್ರಾಂತದ ಹೆಸರಿರುತ್ತದೆ. ಮೇಲಿನ ದರ್ಜೆಗೂ ಈ ಕೆಳಗಿನ ದರ್ಜೆಗೂ ಬೆಲೆಯಲ್ಲಿ ನೂರಾರು ಪಟ್ಟು ಅಂತರವಿರಬಹುದು. ನಾವು ಪರಿಶೀಲಿಸಲಿರುವುದು ಈ ಕೆಳಗಿನ ದರ್ಜೆಯ ಸೀಸೆಯನ್ನು.

ಸಿಪ್ಪೆಯಲ್ಲಿರುವ ಬಂಡವಾಳ

ಕಪ್ಪು ದ್ರಾಕ್ಷಿಯನ್ನು ಹಿಂಡಿ ನೋಡಿದರೆ ರಸಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣವೆಲ್ಲ ಇರುವುದು ಸಿಪ್ಪೆಯಲ್ಲಿ. ಆದುದರಿಂದ ಕೆಂಪು ವೈನ್ ಬೇಕಾದರೆ ರಸವನ್ನು ಸಿಪ್ಪೆ ಬೀಜಗಳೊಡನೆಯೇ ದೊಡ್ಡ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲಾಮ್ಲ ಅನಿಲವನ್ನೂ ಉಂಟುಮಾಡುತ್ತದೆ. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಮ್ ಸಕ್ಕರೆಗೆ ಶೇಕಡಾ ಒಂದರಷ್ಟು ಮದ್ಯಸಾರ ಬರುತ್ತದೆಂಬುದು ಲೆಕ್ಕ. ಬರ್ಗಂಡಿಯ ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಶೇಕಡಾ 12ರಿಂದ 13.5ರವರೆಗೆ ಮದ್ಯಸಾರವಿರುತ್ತದೆ. ಇದರ ತರುವಾಯ ಬೇರೊಂದು ಬಗೆಯ ಬ್ಯಾಕ್ಟೀರಿಯಗಳು, ಹುಳಿ ಸೇಬಿನಲ್ಲಿ ಹೇರಳವಾಗಿರುವ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ವೈನಿನ ತೀಕ್ಷ್ಣವಾದ ಹುಳಿ ಮೃದುವಾಗುತ್ತದೆ.

ಹುದುಗುವ ಕಾಲದಲ್ಲಿ ಸಿಪ್ಪೆ ಬೀಜಗಳಿಂದ ಎರಡು ಮುಖ್ಯ ದ್ರವ್ಯಗಳು ರಸಕ್ಕೆ ಇಳಿಯುತ್ತವೆ. ಒಂದು, ಆಂಥೋಸಯನಿನ್ ಎಂಬ ವರ್ಣದ್ರವ್ಯ. ನೇರಳೆ ಹಣ್ಣಿನ ಬಣ್ಣವೂ ಕೆಂಪು ದಾಸವಾಳದ ಬಣ್ಣವೂ ಇದೇ ವರ್ಗಕ್ಕೆ ಸೇರಿದವು. ದಾಸವಾಳದ ರಸಕ್ಕೆ ನಿಂಬೆಹುಳಿ ಹಿಂಡಿದರೆ ಕೆಂಪೇರುವುದನ್ನೂ ಅಡಿಗೆ ಸೋಡ ಹಾಕಿದರೆ ಬಣ್ಣ ಬದಲಾಗುವುದನ್ನೂ ವಿದ್ಯಾರ್ಥಿಗಳು ಮನೆಯಲ್ಲಿಯೇ ನೋಡಬಹುದು. ಎರಡನೆಯದು ಟ್ಯಾನಿನ್. ಬಲಿಯದ ಬಾಳೆಕಾಯನ್ನೋ ಹಸಿ ಅಡಿಕೆಯನ್ನೋ ಅಗಿದಾಗ ಬಾಯಿ ಒಣಗಿ ಹಿಡಿದಂತಾಗುವುದು ಟ್ಯಾನಿನ್ನಿನಿಂದ. ನಮ್ಮ ನಾಡಿನಲ್ಲಿ ತಂಗಡಿ ಗಿಡದ ತೊಗಟೆಯಿಂದ ಚರ್ಮವನ್ನು ಹದ ಮಾಡುತ್ತಿದ್ದುದೂ ಇದರ ಬಲದಿಂದಲೇ. ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ: ತೊಗಲಿನಲ್ಲಿ ತೊಗಲಿನ ಪ್ರೋಟೀನನ್ನು, ಬಾಯಲ್ಲಿ ಜೊಲ್ಲಿನ ಪ್ರೋಟೀನನ್ನು. ಜೊಲ್ಲಿನ ನುಣುಪು ಹೋದಾಗ ಆಗುವ ಅನುಭವವೇ ಒಗರು. ನಮ್ಮ ಹಿರಿಯರು ಷಡ್ರಸಗಳಲ್ಲಿ ಒಗರನ್ನೂ ಒಂದಾಗಿ ಎಣಿಸಿದರು; ಇಂದಿನ ಶರೀರಶಾಸ್ತ್ರವು ಅದನ್ನು ಬಹುಮಟ್ಟಿಗೆ ಸ್ಪರ್ಶದ ಅನುಭವವೆಂದು ಭಾವಿಸುತ್ತದೆ.

ವರ್ಣದ್ರವ್ಯ, ಟ್ಯಾನಿನ್ ಮತ್ತು ಹುಳಿ, ಈ ಮೂರೇ ವೈನ್ ಮಾಗುವುದಕ್ಕೆ ಬೇಕಾದ ಮುಖ್ಯ ಬಂಡವಾಳ. ಪೀನೋ ನ್ವಾರ್ ದ್ರಾಕ್ಷಿಯ ಸಿಪ್ಪೆ ತೆಳುವಾದದ್ದು. ಅದರಲ್ಲಿ ಬಣ್ಣ ಕಡಿಮೆ. ಬೇರೆ ಅನೇಕ ಕಪ್ಪು ದ್ರಾಕ್ಷಿಗಳಲ್ಲಿರುವ, ಹೆಚ್ಚು ಸ್ಥಿರವಾದ ಕೆಲವು ವರ್ಣದ್ರವ್ಯಗಳು ಇದರಲ್ಲಿ ಇಲ್ಲವೇ ಇಲ್ಲ. ಇದರ ಮೇಲೆ, ಕೆಳದರ್ಜೆಯ ತೋಟಗಳಲ್ಲಿ ಎಕರೆಗೆ ಹೆಚ್ಚು ಫಸಲು ತೆಗೆಯಲು ಕಾನೂನು ಅವಕಾಶ ಕೊಡುತ್ತದೆ. ಬಳ್ಳಿಯಲ್ಲಿ ಗೊಂಚಲು ಅತಿಯಾದರೆ ಹಣ್ಣಿನ ಸತ್ತ್ವ ತೆಳುವಾಗುತ್ತದೆ. ಆದುದರಿಂದ ನಮ್ಮ ಸಾಧಾರಣ ಸೀಸೆಯು ಪಯಣ ಹೊರಡುವಾಗಲೇ ಅದರ ಬುತ್ತಿ ಚಿಕ್ಕದು.

ಕತ್ತಲೆಯಲ್ಲಿ ನಡೆಯುವ ಕ್ರಿಯೆ

ವೈನ್ ಸೀಸೆಗೆ ಸೇರಿ ಬಿರಡೆ ಬಿದ್ದ ಮೇಲೆ ಒಳಗೆ ಏನೂ ನಡೆಯದೆಂದು ತೋರುತ್ತದೆ. ವಾಸ್ತವವಾಗಿ ಅಲ್ಲಿ ಅಣುಗಳು ಒಂದಕ್ಕೊಂದು ಕೂಡುವುದೂ ಬೇರ್ಪಡುವುದೂ ವರ್ಷಗಟ್ಟಲೆ ನಡೆದೇ ಇರುತ್ತದೆ.

ಮೊದಲು ಬಣ್ಣದ ವಿಷಯ. ಬಿಡಿಬಿಡಿಯಾಗಿದ್ದ ವರ್ಣದ್ರವ್ಯದ ಅಣುಗಳು ಕೆಲವೇ ವರ್ಷಗಳಲ್ಲಿ ಬಹುಪಾಲು ಕಾಣೆಯಾಗುತ್ತವೆ. ಕೆಲವು ಒಡೆದುಹೋಗುತ್ತವೆ, ಇನ್ನು ಕೆಲವು ಟ್ಯಾನಿನ್ನಿನೊಡನೆ ಕೂಡಿ ದೊಡ್ಡ ಅಣುಗಳಾಗುತ್ತವೆ. ಈ ಸಂಯುಕ್ತಗಳ ಬಣ್ಣ ಬೇರೆ, ಬಾಳಿಕೆಯೂ ಹೆಚ್ಚು. ಆದ್ದರಿಂದಲೇ ಎಳೆಯ ವೈನಿನ ನೇರಳೆಗೆಂಪು ಕ್ರಮೇಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಲೋಟವನ್ನು ಓರೆಯಾಗಿ ಹಿಡಿದು ಬಿಳಿಯ ಕಾಗದದ ಮೇಲೆ ಅಂಚನ್ನು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಗೋಚರಿಸುತ್ತದೆ. ತೀರ ದೊಡ್ಡವಾದ ಅಣುಗಳು ದ್ರವದಲ್ಲಿ ನಿಲ್ಲಲಾರದೆ ಗಸಿಯಾಗಿ ತಳಕ್ಕೆ ಇಳಿಯುತ್ತವೆ.

ಎರಡನೆಯದು ಒಗರು. ಟ್ಯಾನಿನ್ ಅಣುಗಳು ಸರಪಣಿಯಂತೆ ಬೆಳೆದು ಬೆಳೆದು ಕೆಳಗೆ ಬೀಳುವುದರಿಂದ ಒಗರು ಕಡಿಮೆಯಾಗುತ್ತದೆಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ವೈನಿನ ಹುಳಿಯಲ್ಲಿ ಈ ಸರಪಣಿಗಳು ಬೆಳೆಯುವುದಷ್ಟೇ ಅಲ್ಲ, ತುಂಡಾಗುವುದೂ ಉಂಟೆಂದು ಈಗ ತಿಳಿದಿದೆ. ದಾರಿ ಯಾವುದಾದರೂ ಫಲ ಒಂದೇ: ಬಾಯಿಯನ್ನು ಹಿಡಿಯುತ್ತಿದ್ದ ಒರಟುತನ ನಯವಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಪರಿಮಳ. ಯೀಸ್ಟ್ ಉಂಟುಮಾಡಿದ ಎಸ್ಟರುಗಳೆಂಬ ದ್ರವ್ಯಗಳು ಎಳೆಯ ವೈನಿಗೆ ಹಣ್ಣಿನ ವಾಸನೆಯನ್ನು ಕೊಡುತ್ತವೆ. ಮಾಗಿದ ಬಾಳೆಹಣ್ಣಿನ ವಾಸನೆಗೆ ಕಾರಣವಾದ ಎಸ್ಟರು ಸಹ ಇವುಗಳಲ್ಲೊಂದು. ಇಂತಹ ಅನೇಕ ಎಸ್ಟರುಗಳು ನೀರಿನೊಡನೆ ವರ್ತಿಸಿ ಕ್ರಮೇಣ ಒಡೆದುಹೋಗುತ್ತವೆ. ಅದೇ ಕಾಲದಲ್ಲಿ, ಸಕ್ಕರೆಯ ಅಣುವಿಗೆ ಕಟ್ಟಿಹಾಕಿದಂತೆ ಇದ್ದು ಮೂಗಿಗೆ ತಿಳಿಯದಿದ್ದ ಕೆಲವು ಪರಿಮಳ ದ್ರವ್ಯಗಳು ಬಂಧನದಿಂದ ಬಿಡುಗಡೆ ಹೊಂದುತ್ತವೆ. ಎಳೆಯ ಬರ್ಗಂಡಿಯಲ್ಲಿ ಚೆರ್ರಿ, ರಾಸ್ಪ್‌ಬೆರಿ ಹಣ್ಣುಗಳ ವಾಸನೆ ಮುಂದಾಗಿರುತ್ತದೆ. ಮಾಗಿದುದರಲ್ಲಿ ಮಳೆಯಾದ ಮೇಲಿನ ಕಾಡಿನ ನೆಲ, ಒದ್ದೆಯಾದ ತರಗೆಲೆ, ಅಣಬೆ ಇವುಗಳನ್ನು ನೆನಪಿಗೆ ತರುವ ವಾಸನೆ ಏಳುತ್ತದೆ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರದ ಸುಳಿವು ಇದೆ. ಹೋಗುವ ಹಣ್ಣಿನ ವಾಸನೆ ಎಲ್ಲ ವೈನಿನಲ್ಲಿಯೂ ಹೋಗುತ್ತದೆ. ಬರುವ ವಾಸನೆ ಬರಬೇಕಾದರೆ ಮೂಲದ್ರವ್ಯ ಹಣ್ಣಿನಲ್ಲಿ ಇದ್ದಿರಬೇಕು. ಇದ್ದರೆ ವೈನ್ ಮಾಗುತ್ತದೆ, ಇಲ್ಲದಿದ್ದರೆ ಹಳೆಯದಾಗುತ್ತದೆ. ಕಾಲವು ಇರುವುದನ್ನು ಮಾರ್ಪಡಿಸಬಲ್ಲುದೇ ಹೊರತು ಇಲ್ಲದುದನ್ನು ತಂದುಕೊಡಲಾರದು.

ಪಾಶ್ಚರನ ನಳಿಕೆಗಳು

ವೈನಿನ ಮಾರ್ಪಾಟಿನಲ್ಲಿ ಗಾಳಿಯ ಪಾತ್ರವೇನೆಂಬುದನ್ನು ಪ್ರಯೋಗದಿಂದ ತೋರಿಸಿದವನು ಲೂಯಿ ಪಾಶ್ಚರ್. ಬರ್ಗಂಡಿಗೆ ಪೂರ್ವದಲ್ಲಿರುವ, ಅದರಂತೆಯೇ ದ್ರಾಕ್ಷಿ ಬೆಳೆಯುವ ಆರ್ಬ್ವಾ ಪಟ್ಟಣದಲ್ಲಿ ಅವನು ಬಾಲ್ಯವನ್ನು ಕಳೆದಿದ್ದನು. ಚಕ್ರವರ್ತಿ ಮೂರನೆಯ ನೆಪೋಲಿಯನ್ 1863ರಲ್ಲಿ ವೈನಿನ ರೋಗಗಳನ್ನು ಪರಿಶೀಲಿಸುವಂತೆ ಕೇಳಿಕೊಂಡ ಮೇಲೆ ಪಾಶ್ಚರನು ಈ ವಿಷಯದಲ್ಲಿ ಸಂಶೋಧನೆ ನಡೆಸಿ 1866ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಗಾಜಿನ ನಳಿಕೆಗಳಲ್ಲಿ ವೈನನ್ನು ತುಂಬಿ ಮುಚ್ಚಿ, ಕೆಲವನ್ನು ಗಾಳಿಯೇ ಇಲ್ಲದಂತೆ ಪೂರ್ಣವಾಗಿ ತುಂಬಿಸಿ, ಕೆಲವಲ್ಲಿ ಗಾಳಿಗೆ ಎಡೆ ಬಿಟ್ಟು ಅವನು ಹೋಲಿಸಿ ನೋಡಿದನು. ಗಾಳಿಯಿದ್ದ ನಳಿಕೆಗಳ ವೈನ್ ಬೇಗನೆ ಬಣ್ಣಗೆಟ್ಟು ಗಸಿ ಬಿಟ್ಟಿತು. ಗಾಳಿಯಿಲ್ಲದವುಗಳಲ್ಲಿ ಅಂತಹ ಮಾರ್ಪಾಟು ಕಾಣಲಿಲ್ಲ.

ಆಮ್ಲಜನಕವು ಹೀಗೆ ವೈನಿಗೆ ಮಿತ್ರವೂ ಹೌದು, ಶತ್ರುವೂ ಹೌದು. ಒಳ್ಳೆಯ ಕಾರ್ಕಿನ ಬಿರಡೆಯು ವರ್ಷಕ್ಕೆ ಒಂದೆರಡು ಮಿಲಿಗ್ರಾಮಿನಷ್ಟು ಆಮ್ಲಜನಕವನ್ನು ಮಾತ್ರ ಒಳಗೆ ಬಿಡುತ್ತದೆ. ಈ ಸ್ವಲ್ಪದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ದ್ರವ್ಯವು ವರ್ಣದ್ರವ್ಯಕ್ಕೂ ಟ್ಯಾನಿನ್ನಿಗೂ ನಡುವೆ ಸೇತುವೆಯಾಗಿ ಅವೆರಡನ್ನು ಕೂಡಿಸುತ್ತದೆ. ಗಾಳಿ ಮಿತಿಮೀರಿದರೆ ಪರಿಮಳ ಸತ್ತು, ಬಣ್ಣ ಕಂದಾಗಿ, ಕೊನೆಗೆ ಬ್ಯಾಕ್ಟೀರಿಯಗಳ ಕೈಗೆ ಸಿಕ್ಕಿ ವಿನಿಗರ್ ಆಗುತ್ತದೆ. ಸೀಸೆಯನ್ನು ಮಲಗಿಸಿ ಇಡುವುದು ಕಾರ್ಕ್ ಒಣಗಿ ಕುಗ್ಗದಿರಲೆಂದು. ಕಾರ್ಕ್ ಮರದ ತೊಗಟೆಯಾದುದರಿಂದ ಒಂದರಂತೆ ಇನ್ನೊಂದಿರುವುದಿಲ್ಲ. ಒಂದೇ ಪೀಪಾಯಿಯಿಂದ ಒಂದೇ ದಿನ ತುಂಬಿಸಿದ ಸೀಸೆಗಳು ಹತ್ತು ವರ್ಷದ ಮೇಲೆ ಬೇರೆ ಬೇರೆಯಾಗಿರುವುದಕ್ಕೆ ಇದೊಂದು ಕಾರಣ.

ಉಷ್ಣತೆಯ ಪ್ರಭಾವವೂ ಅಲ್ಪವಲ್ಲ. ಬರ್ಗಂಡಿಯ ನೆಲಮಾಳಿಗೆಗಳಲ್ಲಿ ವರ್ಷವೆಲ್ಲ ಸುಮಾರು 12 ಡಿಗ್ರಿ ಸೆಂಟಿಗ್ರೇಡ್ ಶಾಖವಿರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಹಾಗಾದರೆ ನಮ್ಮ ಊರುಗಳ ಬೇಸಗೆಯ 32 ಡಿಗ್ರಿಯಲ್ಲಿ ಇಟ್ಟರೆ ನಾಲ್ಕು ವರ್ಷದ ಕೆಲಸ ಒಂದು ವರ್ಷದಲ್ಲಿ ಆಗಬೇಡವೇ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಒಂದೊಂದು ಕ್ರಿಯೆಯ ವೇಗವೂ ಒಂದೊಂದು ಪ್ರಮಾಣದಲ್ಲಿ ಏರುತ್ತದೆ. ಹಣ್ಣಿನ ವಾಸನೆ ನಾಶವಾಗುವುದೂ ಒಗರು ನಯವಾಗುವುದೂ ಜೊತೆಜೊತೆಯಾಗಿ ಓಡುವುದಿಲ್ಲ. ಬಿಸಿಯಲ್ಲಿಟ್ಟ ವೈನ್ ಬೇಗ ಮಾಗಿದ ವೈನಲ್ಲ. ಅದು ಬೇರೆಯೇ ಆದ, ಬೆಂದ ವಾಸನೆಯ ವೈನ್.

ಮೂಗು, ನಾಲಿಗೆ ಮತ್ತು ಬೆಲೆಯ ಚೀಟಿ

ವೈನ್ ಮಾಗಿದೆಯೆಂದು ಹೇಳುವವರು ಯಾರು? ಪ್ರಯೋಗಶಾಲೆಯ ಯಂತ್ರಗಳು ದ್ರವ್ಯಗಳನ್ನು ಅಳೆಯಬಲ್ಲವು. ರುಚಿಯ ತೀರ್ಪು ಮನುಷ್ಯನದೇ. ರುಚಿಯೆಂದು ನಾವು ಕರೆಯುವುದರಲ್ಲಿ ದೊಡ್ಡ ಭಾಗ ವಾಸನೆ. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಸಕ್ಕರೆ ಬೆರೆಸಿದ ದಾಲ್ಚಿನ್ನಿಯ ಪುಡಿಯನ್ನು ನಾಲಿಗೆಯ ಮೇಲಿಟ್ಟರೆ ಸಿಹಿಯಷ್ಟೇ ತಿಳಿಯುತ್ತದೆ. ಮೂಗನ್ನು ಬಿಟ್ಟೊಡನೆ ದಾಲ್ಚಿನ್ನಿ ಪ್ರತ್ಯಕ್ಷವಾಗುತ್ತದೆ. ಬಾಯಲ್ಲಿರುವ ಪದಾರ್ಥದ ಆವಿ ಗಂಟಲ ಹಿಂಬದಿಯಿಂದ ಮೂಗಿಗೆ ಏರುವುದೇ ಇದಕ್ಕೆ ಕಾರಣ. ಪರೀಕ್ಷಕರು ಲೋಟದ ಮೂರರಲ್ಲಿ ಒಂದು ಪಾಲಿಗೆ ಮಾತ್ರ ವೈನ್ ಸುರಿದು, ಆಡಿಸಿ, ಮೂಸಿ, ಅನಂತರ ಬಾಯಿಗೆ ತೆಗೆದುಕೊಳ್ಳುವುದು ಈ ಆವಿಯನ್ನು ಹಿಡಿಯಲೆಂದೇ.

ಆದರೆ ಮೂಗು ನಾಲಿಗೆಗಳು ಸ್ವತಂತ್ರ ಸಾಕ್ಷಿಗಳಲ್ಲ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿಯ ವೈನನ್ನು 54 ಮಂದಿಗೆ ಕೊಟ್ಟರು. ಅವರು ವೈನ್ ಶಾಸ್ತ್ರವನ್ನೇ ಅಭ್ಯಾಸ ಮಾಡುತ್ತಿದ್ದ ವಿದ್ಯಾರ್ಥಿಗಳು. ಆದರೂ ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ಅದರ ವಾಸನೆಯನ್ನು ವರ್ಣಿಸಿದರು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನಿಗೆ ಎರಡು ಬೆಲೆಗಳನ್ನು ಹೇಳಿ ಕೊಟ್ಟರು. ಬೆಲೆ ಹೆಚ್ಚೆಂದಾಗ ಜನರು ರುಚಿಯೂ ಹೆಚ್ಚೆಂದರು. ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಹೆಚ್ಚು ಚಟುವಟಿಕೆ ತೋರಿತು. ಅವರು ಸುಳ್ಳು ಹೇಳಲಿಲ್ಲ. ಅವರ ಅನುಭವವೇ ಬೆಲೆಯೊಡನೆ ಬದಲಾಗಿತ್ತು. ಹಳೆಯ ಇಸವಿಯನ್ನು ಕಂಡು ಮೆಚ್ಚುವವನ ಅನುಭವವೂ ಇದೇ ರೀತಿ ಬದಲಾಗಿರಬಹುದಲ್ಲವೆ?

ಹನ್ನೆರಡು ಸೀಸೆಗಳ ಪ್ರಯೋಗ

ಇನ್ನು ನಮ್ಮ ಮೂಲ ಪ್ರಶ್ನೆಗೆ ಬರೋಣ. ಸೀಸೆ ಮಾಗಿದೆಯೇ ಎಂದು ತಿಳಿಯಲು ತೆರೆಯಲೇಬೇಕು. ತೆರೆದರೆ ಆ ಸೀಸೆ ಮುಗಿದಂತೆ. ಪಟಾಕಿ ಚೆನ್ನಾಗಿದೆಯೇ ಎಂದು ಹಚ್ಚಿ ನೋಡಿದಂತೆಯೇ ಇದು. ಆದುದರಿಂದ ಸಾಧಾರಣ ವೈನಿನ ಒಂದೇ ಸೀಸೆಯನ್ನು ಕೊಂಡು ಹತ್ತು ವರ್ಷ ಕಾಯುವುದಕ್ಕಿಂತ ಒಂದೇ ಬಗೆಯ ಹನ್ನೆರಡನ್ನು ಕೊಂಡು ವರ್ಷಕ್ಕೊಂದರಂತೆ ತೆರೆದು ನೋಡುವುದೇ ಶಾಸ್ತ್ರೀಯವಾದ ಮಾರ್ಗ. ಬೆಲೆ ಕಡಿಮೆಯಾದುದರಿಂದ ಇದು ಸಾಧ್ಯ. ಬಹು ಬೆಲೆಯ ಸೀಸೆಯನ್ನು ಕೊಂಡವನಿಗೆ ಈ ಸೌಕರ್ಯವಿಲ್ಲ.

ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೇ ಎಂದು ತಿಳಿಯುವುದಕ್ಕೆ ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟಿದ್ದಾರೆ. ವೈನಿನಲ್ಲಿ ಈ ನ್ಯಾಯವನ್ನು ಎಚ್ಚರಿಕೆಯಿಂದ ಬಳಸಬೇಕು. ಕೆಟ್ಟ ಕಾರ್ಕಿನಿಂದ ಬರುವ ಟ್ರೈಕ್ಲೋರೋಅನಿಸೋಲ್ ಎಂಬ ದ್ರವ್ಯವು ಒಂದು ಲೀಟರಿನಲ್ಲಿ ಗ್ರಾಮಿನ ಕೋಟಿಯ ಒಂದು ಪಾಲಿಗಿಂತ ಎಷ್ಟೋ ಕಡಿಮೆಯಿದ್ದರೂ ಬೂಷ್ಟು ಹಿಡಿದ ರಟ್ಟಿನಂತಹ ವಾಸನೆ ಕೊಡುತ್ತದೆ. ಅಂತಹ ಒಂದು ಸೀಸೆಯಿಂದ ಉಳಿದ ಹನ್ನೊಂದನ್ನು ಅಳೆಯಲಾಗದು. ಒಂದು ಸೀಸೆ ಕೆಟ್ಟಿದ್ದರೆ ಇನ್ನೊಂದನ್ನು ತೆರೆದು ಖಚಿತಪಡಿಸಿಕೊಳ್ಳಬೇಕು.

ಪ್ರತಿ ಸಲವೂ ಅಂಚಿನ ಬಣ್ಣ, ವಾಸನೆ, ಹುಳಿ, ಒಗರು, ಇವುಗಳನ್ನು ಹಿಂದಿನ ವರ್ಷದ ಟಿಪ್ಪಣಿ ನೋಡದೆ ಬರೆದಿಟ್ಟು ಆಮೇಲೆ ಹೋಲಿಸಬೇಕು. ತಂಪಿನಲ್ಲಿಟ್ಟ ಸೀಸೆಗೂ ಬಿಸಿಯಲ್ಲಿಟ್ಟ ಸೀಸೆಗೂ ಭೇದವಿದೆಯೇ ಎಂದು ತಿಳಿಯಬೇಕಾದರೆ ತ್ರಿಕೋಣ ಪರೀಕ್ಷೆಯೆಂಬುದೊಂದು ಉಪಾಯವಿದೆ. ಮೂರು ಲೋಟಗಳಲ್ಲಿ ಎರಡಕ್ಕೆ ಒಂದು ಸೀಸೆಯದನ್ನೂ ಮೂರನೆಯದಕ್ಕೆ ಇನ್ನೊಂದರದನ್ನೂ ಹಾಕಿ, ಬೇರೆಯಾದದ್ದು ಯಾವುದೆಂದು ಕಣ್ಣು ಕಟ್ಟಿದವನನ್ನು ಕೇಳುವುದು. ಬರಿಯ ಊಹೆಯಿಂದ ಸರಿಯಾಗುವ ಸಂಭವ 1/3. ನಾಲ್ಕು ಸಲ ಎಡೆಬಿಡದೆ ಸರಿಯಾಗುವ ಸಂಭವ 1/81. ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದವನಿಗೆ ಭೇದ ನಿಜವಾಗಿ ತಿಳಿಯಿತೆಂದು ನಂಬಲು ಆಧಾರವಿದೆ. ಒಮ್ಮೆ ಸರಿ ಹೇಳಿ ಬೀಗಿದವನನ್ನು ನಂಬಬೇಕಾಗಿಲ್ಲ.

ಪ್ರಾಂತದ ಹೆಸರು ಮಾತ್ರ ಹೊತ್ತ ಕೆಂಪು ಬರ್ಗಂಡಿಯು ಸಾಮಾನ್ಯವಾಗಿ ಕೊಯ್ಲಾದ ಎರಡರಿಂದ ಐದು ವರ್ಷಗಳೊಳಗೆ ತನ್ನ ಉತ್ತಮ ಸ್ಥಿತಿಯನ್ನು ಮುಟ್ಟುತ್ತದೆಂದು ಅನುಭವಸ್ಥರ ಅಭಿಪ್ರಾಯ. ಶ್ರದ್ಧೆಯುಳ್ಳ ಬೆಳೆಗಾರನ ಕೈಯಲ್ಲಿ, ಒಳ್ಳೆಯ ವರ್ಷದಲ್ಲಿ, ಇನ್ನೂ ಕೆಲವು ವರ್ಷ ಮುಂದುವರಿಯಬಹುದು. ಅತ್ಯುಚ್ಚ ದರ್ಜೆಯ ತೋಟಗಳದು ಇಪ್ಪತ್ತು ವರ್ಷ ದಾಟುವುದೂ ಉಂಟು. ಹಣ್ಣಿನ ವಾಸನೆ ಕುಗ್ಗುತ್ತಿದ್ದು ಅದರ ಸ್ಥಾನಕ್ಕೆ ಬೇರೇನೂ ಬರುತ್ತಿಲ್ಲವೆಂದು ಸತತವಾಗಿ ಎರಡು ಸೀಸೆಗಳು ಸಾಕ್ಷಿ ನುಡಿದರೆ ಇನ್ನು ಕಾಯುವುದು ವ್ಯರ್ಥ.

ಈ ಅನುಭವದ ಲೆಕ್ಕಗಳೂ ಶಾಶ್ವತವಲ್ಲ. ಬರ್ಗಂಡಿಯ ಬೋನ್ ನಗರದಲ್ಲಿ ದ್ರಾಕ್ಷಿ ಕೊಯ್ಲು ಆರಂಭವಾದ ದಿನಾಂಕಗಳನ್ನು 1354ರಿಂದ 2018ರವರೆಗೆ ಹಳೆಯ ದಾಖಲೆಗಳಿಂದ ಇತಿಹಾಸಜ್ಞರು ಕಲೆಹಾಕಿದ್ದಾರೆ. 1987ರವರೆಗೆ ಕೊಯ್ಲು ಸರಾಸರಿಯಲ್ಲಿ ಸೆಪ್ಟೆಂಬರ್ 28ರ ಸುಮಾರಿಗೆ ಆರಂಭವಾಗುತ್ತಿತ್ತು. 1988ರಿಂದ ಈಚೆಗೆ ಅದು ಸರಾಸರಿ 13 ದಿನ ಮುಂಚಿತವಾಗಿದೆ. ಭೂಮಿಯ ಹವೆ ಬಿಸಿಯಾದಂತೆ ಹಣ್ಣು ಬೇಗ ಬಲಿಯುತ್ತದೆ. ಬಿಸಿ ವರ್ಷದ ಹಣ್ಣಿನಲ್ಲಿ ಸಕ್ಕರೆ ಹೆಚ್ಚು, ಹುಳಿ ಕಡಿಮೆ. ಹುಳಿಯು ವೈನನ್ನು ಕಾಪಾಡುವ ಮೂರು ಬಂಡವಾಳಗಳಲ್ಲಿ ಒಂದೆಂಬುದನ್ನು ಹಿಂದೆಯೇ ಕಂಡೆವು. ಬಂಡವಾಳವೇ ಬದಲಾದ ಮೇಲೆ ತಾತಂದಿರ ನೆಲಮಾಳಿಗೆಯ ಲೆಕ್ಕವನ್ನು ಮೊಮ್ಮಕ್ಕಳು ಹಾಗೆಯೇ ಅನುಸರಿಸಲಾಗದು. ಇಂದಿನ ವೈನ್ ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ಹೊಸದಾಗಿಯೇ, ವರ್ಷಕ್ಕೊಂದು ಸೀಸೆಯಂತೆ, ಕಂಡುಕೊಳ್ಳಬೇಕಾಗಿದೆ.